ಎಡಕ್ಕೆ ಎರಡು ಬೆರಳು

ಮಾರ್ಚ್ ೧೧, ಸೋಮವಾರ

ತಮ್ಮನಿಗೆ ಅಣ್ಣನ ಆಶೀರ್ವಾದಗಳು.

ಆಶೀರ್ವಾದ ಎಂದು ಬರೆದದ್ದು ಕೈಯ ರೂಢಿ. ಮನಸ್ಸು ಕರಗಿತು ಎಂದುಕೊಳ್ಳಬೇಡ. ನಿನ್ನ ಮೂರೂ ಕಾಗದ ತಲುಪಿವೆ. ನಾಲ್ಕು ತಿಂಗಳು ಉತ್ತರ ಬರೆಯದೆ ಕೂತಿದ್ದಕ್ಕೆ ಕ್ಷಮೆ ಕೇಳಬೇಕು. ಕೇಳಿದ್ದೇನೆ ಎಂದು ಇಟ್ಟುಕೋ. ಮಂಡಿನೋವು ಬಿಟ್ಟರೆ ಆರೋಗ್ಯ ಸುಮಾರಾಗಿದೆ. ಆಫೀಸಿನಲ್ಲಿ ಈಗ ನನಗೆ ಬಸ್ಸಿನ ಬಾಗಿಲಿನ ಕೀಲುಗಳನ್ನು ಕಂಪ್ಯೂಟರಿನಲ್ಲಿ ಆಡಿಸಿ ನೋಡುವ ಕೆಲಸ. ದಿನಕ್ಕೆ ಸಾವಿರ ಸಲ ತೆರೆಯುತ್ತೇನೆ, ಸಾವಿರ ಸಲ ಮುಚ್ಚುತ್ತೇನೆ. ಒಬ್ಬ ಪ್ರಯಾಣಿಕನೂ ಹತ್ತುವುದಿಲ್ಲ.

ನಿನ್ನ ಮಗಳಿಗೆ ಮುಂದಿನ ಹಲ್ಲು ಬಿದ್ದಿದೆ ಎಂದು ಬರೆದಿದ್ದೆ. ಓದಿ ನಗು ಬಂತು. ಅವಳ ಮೇಲೆ ನನಗೇನೂ ಕೋಪವಿಲ್ಲ.

ಇನ್ನು ನಿನ್ನ ಪ್ರಶ್ನೆ. "ಅಣ್ಣಾ, ಉಣ್ಣಿಸೋ ಯಂತ್ರದ ಚಮಚ ಬಾಯಿ ಹತ್ರ ಬಂದಾಗ ಎರಡು ಬೆರಳಷ್ಟು ಎಡಕ್ಕೆ ಹೋಗುತ್ತಲ್ಲ, ಯಾಕೆ ಹೀಗೆ ಅಂತ ಕೊಂಡವರೆಲ್ಲ ಕೇಳ್ತಾರೆ. ನಮ್ಮ ಕೆಲಸದವರು ನೇರ ಮಾಡಿಬಿಡೋಣ ಅಂತಾರೆ. ನೀನು ಹೂಂ ಅನ್ನದೆ ನಾನು ಮುಟ್ಟಲ್ಲ" ಎಂದು ಮೂರು ಕಾಗದದಲ್ಲೂ ಅದನ್ನೇ ಬರೆದಿದ್ದೀಯ. ಎಂಥ ವಿನಯ! ಯಂತ್ರವನ್ನೇ ಹೊತ್ತುಕೊಂಡು ಹೋದಾಗ ಕೇಳದವನು ಈಗ ಎರಡು ಬೆರಳಿಗೆ ಅಪ್ಪಣೆ ಕೇಳುತ್ತಿದ್ದಾನೆ.

ನಿನಗೆ ಮರೆತಿದ್ದರೆ ನೆನಪಿಸುತ್ತೇನೆ. ನಿನ್ನ ಅತ್ತಿಗೆಯ ಕೈಗಳು ಸೋತು ಮೇಲೇಳದಂತಾದ ಮೇಲೆ ಎರಡು ವರ್ಷ ಅವಳ ಕುರ್ಚಿ ನಡುಮನೆಯಲ್ಲೇ ಇತ್ತು. ಅವಳ ಎಡಕ್ಕೆ ನಿನ್ನ ಮೂರು ಕಾಲಿನ ಸ್ಟೂಲು. ವರ್ಕ್‌ಶಾಪಿನಿಂದ ಮಧ್ಯಾಹ್ನ ಓಡಿ ಬಂದು, ಕೈಯ ಎಣ್ಣೆಮಸಿ ತೊಳೆದು, ಅವಳಿಗೆ ಉಣ್ಣಿಸಿ ಓಡುತ್ತಿದ್ದೆ. ಅದಕ್ಕೇ ಅವಳು ನಿನ್ನನ್ನು ಗಡಿಬಿಡಿರಾಯ ಎನ್ನುತ್ತಿದ್ದಳು. ಬಲಗಡೆಯ ಗೋಡೆಯಲ್ಲಿ ಪ್ಲಗ್ಗು ಇದ್ದದ್ದರಿಂದ ಆ ಕಡೆ ನನ್ನ ಮೇಜು, ಕಂಪ್ಯೂಟರು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತರೆ ನನಗೆ ಲೋಕದ ಪರಿವೆ ಇರುತ್ತಿರಲಿಲ್ಲ. ಇನ್ನೊಬ್ಬರ ಕೈ ಕಾಯದೆ ಅವಳು ತಾನಾಗಿ ಉಣ್ಣುವಂತೆ ಮಾಡಬೇಕು ಎನ್ನುವುದೊಂದೇ ನನ್ನ ಹಟ.

ಯಂತ್ರವೆಂದರೆ ನಾಲ್ಕು ಕಡ್ಡಿ, ನಾಲ್ಕು ಕೀಲು. ಯಾವ ಕಡ್ಡಿಯನ್ನು ಕೂದಲೆಳೆಯಷ್ಟು ಉದ್ದ ಮಾಡಿದರೂ ಚಮಚದ ದಾರಿ ಪೂರ್ತಿ ಬದಲಾಗುತ್ತದೆ. ಪರದೆಯ ಮೇಲೆ ಆ ದಾರಿ ಹಸಿರು ಗೆರೆಯಾಗಿ ಬೀಳುತ್ತಿತ್ತು. ಗೆರೆಯ ಕೊನೆಗೆ ಒಂದು ಕೆಂಪು ಚುಕ್ಕೆ. ಆ ಚುಕ್ಕೆಗೆ ನಾನು 'ಬಾಯಿ' ಎಂದು ಹೆಸರಿಟ್ಟಿದ್ದೆ. ಮೊದಮೊದಲು ಗೆರೆ ಮೂಗಿಗೆ ಹೋಗುತ್ತಿತ್ತು, ಒಮ್ಮೆ ಕಿವಿಗೆ. ಅವಳಿಗೆ ತೋರಿಸಿದರೆ, "ಕಿವಿಗೇ ಉಣ್ಣಿಸ್ರೀ, ಅದಕ್ಕೂ ಏನೂ ಸಿಕ್ಕಿಲ್ಲ ಬಹಳ ದಿನದಿಂದ" ಎಂದು ನಕ್ಕಳು. ನಾನೂ ನಕ್ಕು ಕಡ್ಡಿಯ ಅಳತೆ ತಿದ್ದಲು ಹೋದೆ.

ಬಾಯಿ ಎಲ್ಲಿರುತ್ತದೆ ಎಂದು ಊಹೆಯ ಮೇಲೆ ಬಿಡುವವನಲ್ಲ ನಾನು. ಪುಸ್ತಕದ ಕಪಾಟಿನ ಮೇಲೆ ಕ್ಯಾಮೆರಾ ಕೂರಿಸಿ, ನೀನು ಉಣ್ಣಿಸುವುದನ್ನು ಹತ್ತು ಮಧ್ಯಾಹ್ನ ಚಿತ್ರ ತೆಗೆದೆ. ನೋಡುವಾಗ ಶಬ್ದ ಆರಿಸಿಬಿಡುತ್ತಿದ್ದೆ, ಅದರಿಂದ ನನಗೇನಾಗಬೇಕು? ಅವತ್ತವತ್ತಿನದನ್ನು ಅದೇ ರಾತ್ರಿ ಒಂದೊಂದೇ ಚಿತ್ರವಾಗಿ ನಿಲ್ಲಿಸಿ ಅವಳ ತುಟಿಯ ಮೇಲೆ ಗುರುತು ಹಾಕಿದೆ. ಎರಡು ಸಾವಿರಕ್ಕೂ ಹೆಚ್ಚು ಗುರುತು, ಎಲ್ಲವೂ ಎಡಕ್ಕೆ. ಕಾಯಿಲೆ ಕುತ್ತಿಗೆಗೂ ಇಳಿದಿದೆ, ಬಲಕ್ಕೆ ತಿರುಗಲಾರಳು ಎಂದು ನನಗೆ ತಿಳಿದದ್ದು ಹಾಗೆ. ಮೂರನೆಯ ದಿನವೇ ನಿನಗೆ ಹೇಳಿದೆ, ಅವಳನ್ನು ಕೇಳಲಿಲ್ಲ. ಕಣ್ಣೆದುರು ಅಂಕಿಗಳಿರುವಾಗ ಕೇಳಿ ಯಾಕೆ ನೋಯಿಸುವುದು? ಆ ಎರಡು ಬೆರಳಿಗಾಗಿಯೇ ಐದನೆಯ ಕಡ್ಡಿಯೊಂದನ್ನು ಸೇರಿಸಿದೆ. ಅದೊಂದಕ್ಕೇ ಏಳು ತಿಂಗಳು ಹಿಡಿಯಿತು.

ಕಡ್ಡಿಗಳನ್ನು ಕಡೆದುಕೊಟ್ಟವನು ನೀನು, ಇಲ್ಲ ಎನ್ನುವುದಿಲ್ಲ. ಆದರೆ ಅಳತೆ ನನ್ನದು. ಅವಳು ಅದರಲ್ಲಿ ಉಂಡದ್ದು ಹದಿನೇಳೇ ದಿನ. ಒಂದು ಹನಿ ಚೆಲ್ಲಲಿಲ್ಲ. "ಹೇಗಿದೆ?" ಎಂದು ಕೇಳಿದೆ. "ಚೆನ್ನಾಗಿದೆ ರೀ. ನಿಮ್ಮ ಥರಾನೇ, ಮಾತಾಡಲ್ಲ" ಎಂದಳು. ನನಗೆ ಸಿಕ್ಕ ಹೊಗಳಿಕೆ ಅದೊಂದೇ. ಇವತ್ತಿಗೂ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಅವಳು ಹೋಗಿ ತಿಂಗಳಾಗಿರಲಿಲ್ಲ. "ಎರಡು ದಿನ ನೋಡಿ ತಂದ್ಕೊಡ್ತೀನಿ ಅಣ್ಣಾ" ಎಂದು ಯಂತ್ರವನ್ನು ಅವಳದೇ ಹೊದಿಕೆಯಲ್ಲಿ ಸುತ್ತಿ ಕೊಂಡೊಯ್ದೆ. ಆ ಎರಡು ದಿನ ಮುಗಿಯಲು ಮೂರು ವರ್ಷವೂ ಸಾಲಲಿಲ್ಲ. ಅದರಂಥವನ್ನೇ ಮಾಡಿಸಿ ಮಾರುತ್ತಿದ್ದೀಯ ಎಂದು ಕೇಳಿ, ವಸ್ತುಪ್ರದರ್ಶನದಲ್ಲಿ ನಿನ್ನ ಮಳಿಗೆಯ ಮುಂದೆ ಸಾಲಿನಲ್ಲಿ ನಿಂತೆ. ನೀಲಿ ಕೋಟಿನ ಹೆಣ್ಣುಮಗಳು ನನಗೇ ವಿವರಿಸಿದಳು: "ಸರ್, ಈ ಎಡ ತಿರುವು ನಮ್ಮ ತಂತ್ರಜ್ಞರ ವಿಶೇಷ ಸಂಶೋಧನೆ." ಅಷ್ಟರಲ್ಲಿ ನೀನು ನೋಡಿ "ಅಣ್ಣಾ" ಎಂದು ಓಡಿ ಬಂದೆ. ನಾನು ತಿರುಗಿ ನೋಡದೆ ಹೊರಟೆ. ಹೊಟ್ಟೆ ಉರಿಯಿತು ಕಣೋ. ಈಗಲೂ ಉರಿಯುತ್ತಿದೆ.

ಆದ್ದರಿಂದ ಉತ್ತರ ಇಷ್ಟೇ: ಮುಟ್ಟಕೂಡದು. ಅದು ನನ್ನ ಹೆಂಡತಿಯ ಕುತ್ತಿಗೆ, ಅದನ್ನು ನೇರ ಮಾಡುವ ಅಧಿಕಾರ ಯಾರಿಗೂ ಇಲ್ಲ. ಆ ಹತ್ತು ಮಧ್ಯಾಹ್ನಗಳ ಚಿತ್ರವನ್ನು ಪೆನ್‌ಡ್ರೈವಿಗೆ ಹಾಕಿ ಇದರ ಜೊತೆ ಕಳಿಸುತ್ತಿದ್ದೇನೆ. ನಿನ್ನ ತಂತ್ರಜ್ಞರನ್ನು ಕೂರಿಸಿ ತೋರಿಸು. ಸಂಶೋಧನೆ ಯಾರದೆಂದು ಅವರಿಗೂ ತಿಳಿಯಲಿ. ನೀನು ಬರೀ ಉಣ್ಣಿಸಿದೆ. ಅವಳನ್ನು ನೋಡಿದವನು ನಾನು.

ನಿನ್ನ ಮಗಳಿಗೆ ಹೊಸ ಹಲ್ಲು ಸಾಲಾಗಿ ಬರಲಿ. ನಿನ್ನ ಹೆಂಡತಿ ನೆಮ್ಮದಿಯಾಗಿರಲಿ. ನಿನಗೆ ಒಳ್ಳೆಯ ಬುದ್ಧಿ ಬರಲಿ ಎಂದು ಹಾರೈಸುವ

ನಿನ್ನ ಅಣ್ಣ

ತಾ.ಕ. (ಬುಧವಾರ ಬೆಳಗ್ಗೆ)

ಲಕೋಟೆ ಅಂಟಿಸುವ ಮೊದಲು ಪೆನ್‌ಡ್ರೈವು ಸರಿಯಿದೆಯೋ ಇಲ್ಲವೋ ಎಂದು ಟೀವಿಗೆ ಹಾಕಿ ನೋಡಿದೆ. ಟೀವಿಯಲ್ಲಿ ಶಬ್ದ ಬಂತು. ಅವಳ ದನಿ ಕೇಳಿ ಮೂರು ವರ್ಷವಾಗಿತ್ತು.

ಆರನೆಯ ಮಧ್ಯಾಹ್ನ. ಯಾರೋ ಬಾಗಿಲು ಬಡಿಯುತ್ತಾರೆ. ಅವಳು ತಟ್ಟನೆ ಬಲಕ್ಕೆ ತಿರುಗಿ ಬಾಗಿಲ ಕಡೆ ನೋಡಿ, ಮತ್ತೆ ನಿನ್ನ ಕಡೆ ತಿರುಗುತ್ತಾಳೆ. ಬಾಯಿಯಲ್ಲಿ ತುತ್ತು ಇಲ್ಲದ ಹೊತ್ತು ಎಂದು ಆ ಚಿತ್ರಗಳನ್ನು ನಾನು ಬಿಟ್ಟಿದ್ದೆ. ಆಗ ನೀನು, "ಅತ್ತಿಗೆ, ಕುತ್ತಿಗೆ ಸರಾಗವಾಗಿ ತಿರುಗುತ್ತಲ್ಲ! ಅಣ್ಣ ತಿರುಗಲ್ಲ ಅಂತ ಲೆಕ್ಕ ಹಾಕ್ತಿದಾನೆ. ಹೇಳ್ಲಾ?" ಎನ್ನುತ್ತೀಯ.

"ಬೇಡ ಬಿಡು" ಎನ್ನುತ್ತಾಳೆ. "ಆ ಕಡೆ ತಿರುಗಿದ್ರೆ ಕಂಪ್ಯೂಟರಿನ ಬೆನ್ನು ಕಾಣುತ್ತೆ. ಈ ಕಡೆ ಒಂದು ಮುಖನಾದ್ರೂ ಇದೆ. ಅವರಾಗೇ ಒಂದು ದಿನ ಕೇಳ್ತಾರೆ, ಆಗ ಹೇಳ್ತೀನಿ."

ನೀನು "ಆ ಅನ್ನಿ" ಎಂದು ಚಮಚ ಎತ್ತುತ್ತೀಯ. ಚಿತ್ರದ ಅಂಚಿನಲ್ಲಿ ನನ್ನ ಮೊಣಕೈ ಕಾಣುತ್ತದೆ. ಕೀಲಿಮಣೆ ಕುಟ್ಟುವ ಸದ್ದು ಒಂದೇ ಸಮನೆ ಕೇಳುತ್ತದೆ.

ನಿನಗೆ ಗೊತ್ತಿತ್ತು. ಅವತ್ತೂ ಹೇಳಲಿಲ್ಲ, ಈ ಮೂರು ಕಾಗದಗಳಲ್ಲೂ ಹೇಳಲಿಲ್ಲ. ಮೇಲೆ ಬರೆದದ್ದನ್ನು ಹರಿದು ಹಾಕೋಣ ಎನ್ನಿಸಿತು, ಹರಿಯಲಿಲ್ಲ. ನಾನು ಎಂಥವನು ಎಂಬುದು ನನ್ನ ಕೈಬರಹದಲ್ಲೇ ನಿನ್ನ ಹತ್ತಿರ ಇರಲಿ. ಪೆನ್‌ಡ್ರೈವು ಕಳಿಸುವುದಿಲ್ಲ. ಅದರಲ್ಲಿ ಅವಳ ದನಿ ಇದೆ.

ಅವಳ ಕುರ್ಚಿ ಈಗಲೂ ಅಲ್ಲೇ ಇದೆ. ಇವತ್ತು ಮೊದಲ ಸಲ ಅದರಲ್ಲಿ ಕೂತು ಬಲಕ್ಕೆ ತಿರುಗಿದೆ. ಒಂದು ಕರಿ ಹಲಗೆ, ನಾಲ್ಕು ಸ್ಕ್ರೂ, ನೇತಾಡುವ ವೈರು. ಅದರ ಹಿಂದೆ ಕೂತವನು ಯಾರಿಗೂ ಕಾಣುವುದಿಲ್ಲ.

ಆ ಎರಡು ಬೆರಳನ್ನು ತೆಗೆಯಬೇಡ. ಅಲ್ಲಿ ನೀನು ಕೂತಿದ್ದೆ.