ಬಾಗಿಲ ಬೆಲ್ಲು

೬ ಜನವರಿ ೧೯೬೯, ಸೋಮವಾರ

ಅಂಗಡಿ ತೆಗೆದೆ. ಗಾದಿ ಝಾಡಿಸಿ ಊದುಬತ್ತಿ ಹಚ್ಚಿದೆ. ಸೋಲಾಪುರದ ಚಾದರ ಬಂದಿವೆ, ಇನ್ನೂ ಗಂಟು ಬಿಚ್ಚಿಲ್ಲ. ಇವರಿಗೆ ಬೆಳಿಗ್ಗೆ ಗಂಜಿ ಕುಡಿಸಿದೆ — ಸ್ವಲ್ಪ ಒಳಗೆ, ಉಳಿದದ್ದೆಲ್ಲ ಗದ್ದದ ಮೇಲೆ. ದೀಪಾವಳಿ ಆದಾಗಿನಿಂದ ಇವರು ಹಾಸಿಗೆ ಬಿಟ್ಟು ಎದ್ದಿಲ್ಲ.

ಮಧ್ಯಾಹ್ನ ಮೈದುನ ಮುರಗೆಪ್ಪ ಬಂದಿದ್ದ. ಅಣ್ಣನ ಕಾಲ ಕಡೆ ಸ್ವಲ್ಪ ಹೊತ್ತು ನಿಂತ. ಹೊರಗೆ ಬಂದು ಹೇಳಿದ:

"ವೈನಿ, ಏಳಲಾರದ ಮನಷ್ಯಾಗ ಕಾವಲ ಯಾಕ್ರಿ? ಸಾತಪ್ಪಗ ಸಾಕು ಅಂದಬಿಡ್ರಿ."

ಸಿಟ್ಟು ಬಂತು. ಆದರೆ ಅವನು ಹೇಳಿದ್ದು ಸುಳ್ಳಲ್ಲ.

೭ ಜನವರಿ

ಸಾತಪ್ಪನಿಗೆ ಹೇಳಿದೆ. ಹೇಳಬಾರದಿತ್ತು ಅನ್ನಿಸುತ್ತಿದೆ.

ಎದುರು ಮನೆಯವನು. ಕುರಿಯೆಲ್ಲ ಮಗ ಬೀರದೇವನಿಗೆ ಬಿಟ್ಟು ಕಟ್ಟೆಯ ಮೇಲೆ ಕುಳಿತು ಉಣ್ಣೆ ನೂಲುತ್ತಾನೆ. ಇವರಿಗೆ ಮರೆವು ಶುರುವಾದಾಗಿನಿಂದ ಇವರ ಬೆನ್ನಿಗೆ ಅವನೇ. ಮೊದಲು ಗಿರಾಕಿಗಳ ಹೆಸರು ಮರೆತರು. ಆಮೇಲೆ ಬಟ್ಟೆಯ ಅಳತೆ. ಆಮೇಲೆ ನನ್ನನ್ನು. ಕದ ತೆರೆದು ಹೊರಬಿದ್ದರೆ ನಡೆದೇ ನಡೆಯುತ್ತಿದ್ದರು. ಒಮ್ಮೆ ಬೆಳುಂಕಿಯ ಹಾದಿಯಲ್ಲಿ ಸಿಕ್ಕರು, ಉರಿಬಿಸಿಲಲ್ಲಿ, ಬರಿಗಾಲಲ್ಲಿ. ಮರುದಿನ ಮುರಗೆಪ್ಪ ಹೊರಗಿನಿಂದ ಕೀಲಿ ಹಾಕಿಸಿದ. ಸಂಜೆ ಬಂದು ನೋಡಿದರೆ ಕದ ಬಡಿದು ಬಡಿದು ಅಂಗೈ ಒಡೆದುಕೊಂಡಿದ್ದರು. ಕಟ್ಟಿಕೊಂಡ ಗಂಡನನ್ನು ದನದ ಹಾಗೆ ಕೂಡಿಹಾಕುವುದೇ? ಕೀಲಿ ತೆಗೆಸಿದೆ. ಜತ್ತದ ರೇಡಿಯೋ ರಿಪೇರಿ ತುಕಾರಾಮನನ್ನು ಕರೆಸಿ ಬಾಗಿಲಿಗೆ ಬೆಲ್ ಕೂಡಿಸಿದೆ. ಕದ ಸರಿದರೆ ಸಾಕು, ಅಂಗಡಿಯಲ್ಲೊಂದು, ಸಾತಪ್ಪನ ಕಟ್ಟೆಯ ಮೇಲೊಂದು ಹೊಡೆಯುತ್ತದೆ. ನಾನು ಹೋಗಿ ಬರುವಾಗ ಮೇಲಿನ ಬಟನ್ ಒತ್ತಿ ಬಂದ್ ಮಾಡುತ್ತೇನೆ.

ಬೆಲ್ ಆದರೆ ಸಾತಪ್ಪ ಎದ್ದು ಹೋಗುತ್ತಿದ್ದ. ಎಂದೂ ಅಡ್ಡ ನಿಂತವನಲ್ಲ, ಕೈ ಹಿಡಿದು ಎಳೆದವನಲ್ಲ. ಬಾಜೂಕ್ಕೆ ನಡೆಯುತ್ತ, ಮಾತಾಡುತ್ತ, ಇವರು ದಣಿದಾಗ ಮೆಲ್ಲಗೆ ಹಾದಿ ಹೊರಳಿಸಿ ಕರೆತರುತ್ತಿದ್ದ.

ಇವತ್ತು ಕೇಳಿದ, "ನಾ ಏನರ ತಪ್ಪ ಮಾಡೀನೇನ್ರಿ ಅವ್ವಾರ?"

"ಇಲ್ಲಪ್ಪಾ. ಅವರು ಇನ್ನ ಏಳೂದಿಲ್ಲ. ಅದಕ್ಕ."

ಒಂದು ಧೋತರ ಕೊಟ್ಟೆ. ತೊಡೆಯ ಮೇಲೆ ಇಟ್ಟುಕೊಂಡ. ಬೆಲ್ ಬಿಚ್ಚಿಸಲೇ ಎಂದರೆ, "ಇರ್ಲಿ ಬಿಡ್ರಿ, ಅದೇನ ಕೂಳ ಕೇಳತೈತೇನು," ಎಂದ.

೧೧ ಜನವರಿ, ಮಧ್ಯಾಹ್ನ

ಬೆಲ್ ಆಯಿತು!

ಗಿರಾಕಿಗೆ ಖಣ ಅಳೆಯುತ್ತಿದ್ದೆ. ಟಿಣ್ — ಒಂದೇ ಸಲ. ಗಜ ಬಿಟ್ಟು, ಗಿರಾಕಿ ಬಿಟ್ಟು, ಚಪ್ಪಲಿಯಿಲ್ಲದೆ ಓಡಿದೆ. ಆ ಕಡೆಯಿಂದ ಸಾತಪ್ಪ, ಕೈಯಲ್ಲಿ ಉಣ್ಣೆ ಹಾಗೇ ಇದೆ. ಇಬ್ಬರೂ ಒಟ್ಟಿಗೇ ಬಾಗಿಲಿಗೆ.

ಕದ ಹಾಕಿದ್ದು ಹಾಕಿದ ಹಾಗೇ. ಇವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ಹೊದಿಕೆ ಕೂಡ ಕದಲಿಲ್ಲ.

"ಎದ್ದಿಲ್ಲೇನ್ರಿ?"

"ಇಲ್ಲ."

ಇಬ್ಬರಿಗೂ ಏದುಸಿರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮೊದಲೆಲ್ಲ ಈ ಬೆಲ್ ಆದರೆ ಎದೆ ಧಸಕ್ಕೆನ್ನುತ್ತಿತ್ತು. ಮತ್ತೆ ಹೊರಟರು, ಮತ್ತೆ ಹುಡುಕಬೇಕು... ಎಷ್ಟು ಸಲ ಶಪಿಸಿದ್ದೇನೆ. ಇವತ್ತು ಓಡುವಾಗ ಒಳಗೆ ಆದದ್ದು ಬೇರೆ. ಇಲ್ಲಿ ಬರೆಯಬಹುದು, ಯಾರು ಓದುತ್ತಾರೆ — ಖುಷಿಯಾಗಿತ್ತು.

೧೪ ಜನವರಿ, ಸಂಕ್ರಾಂತಿ

ಇವತ್ತೂ ಹೊಡೆಯಿತು. ಎಳ್ಳು-ಬೆಲ್ಲ ಕೊಡಲು ಬಂದ ಹೆಂಗಸರ ನಡುವಿನಿಂದ ಎದ್ದು ಓಡಿದೆ. ಇಲ್ಲ. ಅಂಗಡಿಗೆ ಮರಳಿ ಕೂಡುವಷ್ಟರಲ್ಲಿ ಮತ್ತೆ. ಸುಳ್ಳೆಂದು ಗೊತ್ತು. ಆದರೂ ಹೋದೆ.

೧೯ ಜನವರಿ

ಹೊತ್ತು ಗೊತ್ತಿಲ್ಲ ಅದಕ್ಕೆ. ಟಿಣ್ ಎಂದು ಸುಮ್ಮನಾಗುತ್ತದೆ. ಸ್ವಲ್ಪ ಹೊತ್ತಿಗೆ ಟಿಣ್ ಟಿಣ್. ಹುಡುಗರು ಅಂಗಡಿ ಮುಂದೆ ನಿಂತು ಅದರ ಹಾಗೇ ಕೂಗುತ್ತಾರೆ. ಗಿರಾಕಿಗಳು ನಗುತ್ತಾರೆ.

"ತಂತಿ ಕಿತ್ತ ಒಗೀರಿ ವೈನಿ. ಊರಾಗ ನಗಿಚಾಟ್ಲಿ ಆಗೇತಿ," ಎಂದ ಮುರಗೆಪ್ಪ.

"ತುಕಾರಾಮಗ ಹೇಳಿ ಕಳಸೀನಿ."

"ಕೀಳಾಕ ಅವನ್ಯಾಕ ಬೇಕು? ನಾ ಕೀಳತೀನಿ."

ಸ್ಟೂಲಿನ ಮೇಲೆ ಹತ್ತಿಯೇ ಬಿಟ್ಟ. ನಾನು ಸ್ಟೂಲಿನ ಕಾಲು ಹಿಡಿದು, "ಇಳಿ ಮುರಗೆಪ್ಪ," ಎಂದೆ. ದನಿ ಜೋರಾಯಿತೇನೋ. ಇಳಿದ. ಚಹಾ ಕುಡಿಯದೆ ಹೋದ.

೨೭ ಜನವರಿ

ತುಕಾರಾಮ ಜತ್ತದಿಂದ ಬಸ್ಸಿಗೆ ಬಂದ. ತೊಲೆಯ ಸಂದಿಯಲ್ಲಿ ತಡಕಾಡಿ ತಂತಿ ಎಳೆದು ತೋರಿಸಿದ. ಇಲಿ ಕಡಿದಿದೆ. ಮೇಲಿನ ರಬ್ಬರ್ ಹೋಗಿ ಒಳಗಿನ ತಾಮ್ರ ಕಾಣುತ್ತದೆ. ಗಾಳಿ ಬೀಸಿದರೆ ತಂತಿಗೆ ತಂತಿ ತಾಗಿ ಬೆಲ್ ಆಗುತ್ತದೆ. ಅಷ್ಟೇ.

"ಬಾಯಾರ, ಕಾವಲ ಬಂದ್ ಮಾಡೀರಿ ಅಂತ ಕೇಳಿದೆ. ಸೆಲ್ ತಗದಬಿಡತೀನಿ, ಕಟಕಟಿ ಮುಗೀತು."

"ತಗೀಬ್ಯಾಡ್ರಿ. ಚಲೋ ಮಾಡ್ರಿ."

"ಯಾತಕ್ಕ? ಈಗ ಯಾರ ಏಳವರದಾರು?"

"ಸುಳ್ಳ ಸುಳ್ಳ ಹೊಡೀಬಾರ್ದು. ಖರೇ ಎದ್ದಾಗ ಅಷ್ಟ ಹೊಡೀಬೇಕು."

ಒಳಗೆ ಹಾಸಿಗೆ ಕಡೆ ನೋಡಿದ. ಆಮೇಲೆ ನನ್ನ ಕಡೆ. ಚೀಲ ಬಿಚ್ಚಿ ಹೊಸ ತಂತಿ ತೆಗೆದ. ಸೆಲ್ಲೂ ಹೊಸವು ಹಾಕಿದ. ಕದ ತೆರೆದು ನೋಡಿದೆವು — ಎರಡೂ ಕಡೆ ಗಣಗಣ. ಮುಚ್ಚಿದರೆ ಗಪ್.

೨೮ ಜನವರಿ

ಬೆಲ್ ಆಗಲಿಲ್ಲ.

೨ ಫೆಬ್ರವರಿ

ಇಲ್ಲ. ಈಗ ಅದು ಸುಳ್ಳು ಹೇಳುವುದಿಲ್ಲ.

೯ ಫೆಬ್ರವರಿ

ಇಲಿ ಕಡಿದಿದ್ದಾಗಲೇ ಚಲೋ ಇತ್ತು.

೨೦ ಫೆಬ್ರವರಿ

ಗಂಜಿಯೂ ಇಳಿಯುತ್ತಿಲ್ಲ. ಡಾಕ್ಟರು ಬಂದು ನೋಡಿದರು. "ಕಾಳಜಿಯಿಂದ ನೋಡಿಕೊಳ್ಳಿ" ಎಂದರು. ಇಷ್ಟು ದಿನ ಏನು ಮಾಡುತ್ತಿದ್ದೆ ನಾನು?

ಸಾತಪ್ಪ ಬಂದು ಹೊಸ್ತಿಲ ಹತ್ತಿರ ಕುಳಿತ. ಬೇಡವೆಂದ ಮೇಲೂ ದಿನಾ ಬರುತ್ತಾನೆ.

"ಅವ್ವಾರ, ಸಾವಕಾರ್ರು ಎಲ್ಲಿಗಿ ಹೊಂಡತಿದ್ರು ಗೊತ್ತೈತೇನ್ರಿ?"

"ಎಲ್ಲಿಗಿ ಅಂತ ಇತ್ತೇನು? ಕಾಲ ಹೋದ ಕಡಿ."

"ಅಲ್ರಿ. ಅಸಂಗಿಗಿ. ದಿನಾ ಅಂತಿದ್ರು — ಅವ್ವ ಉಣ್ಣದ ಕುಂತಾಳ, ಲಗೂನ ನಡಿ ಅಂತ. ಹಾದಿ ಅಷ್ಟ ತಪ್ಪತಿತ್ತು."

ಅಸಂಗಿ ಇವರು ಹುಟ್ಟಿದ ಊರು. ಅತ್ತೆ ತೀರಿಕೊಂಡು ಎಷ್ಟೋ ವರ್ಷ. ಆ ಮನೆಯಲ್ಲಿ ಈಗ ಇವರ ಕಾಕಾನ ಸೊಸೆ ರುಕ್ಮವ್ವ ಇದ್ದಾಳೆ. ನನ್ನೆದುರು ಇವರು ಎಂದೂ ಆ ಹೆಸರು ಎತ್ತಿರಲಿಲ್ಲ. ಹಾದಿಯಲ್ಲಿ ಜೊತೆ ನಡೆದವನಿಗೆ ಹೇಳಿದ್ದಾರೆ.

೨೧ ಫೆಬ್ರವರಿ

ಮುರಗೆಪ್ಪನ ಮನೆಗೆ ಹೋದೆ. ಗಾಡಿ ಬೇಕು ಎಂದೆ. ಇವರನ್ನು ಅಸಂಗಿಗೆ ಒಯ್ಯಬೇಕು ಎಂದೆ.

"ಹುಚ್ಚ ಹಿಡದೈತೇನ್ರಿ ವೈನಿ? ಹಾದ್ಯಾಗ ಏನರ ಆದ್ರ?"

"ಆದ್ರ ಹಾದ್ಯಾಗ ಆಗ್ಲಿ. ಆ ಗ್ವಾಡಿ ನೋಡಕೋತ ಆಗೂದ್ ಬ್ಯಾಡ."

ಎದ್ದು ಒಳಗೆ ಹೋದ.

೨೩ ಫೆಬ್ರವರಿ

ಬೆಳಿಗ್ಗೆ ಬಾಗಿಲಲ್ಲಿ ಗಾಡಿ ನಿಂತಿತ್ತು. ಮುರಗೆಪ್ಪನೇ ಹೂಡಿಕೊಂಡು ಬಂದಿದ್ದ. ಜೋಳದ ಕಣಿಕಿ ಹಾಸಿ, ಮೇಲೆ ಗಾದಿ, ಬಿಸಿಲಿಗೆ ಮೇಲೊಂದು ತಾಡಪತ್ರಿ ಕಟ್ಟಿದ್ದ. ನನ್ನ ಮುಖ ನೋಡಲಿಲ್ಲ.

ಮುರಗೆಪ್ಪ ತಲೆ ಕಡೆ, ಬೀರದೇವ ಕಾಲ ಕಡೆ ಹಿಡಿದರು. ನಾನು ಕದ ತೆರೆದೆ. ಬಟನ್ ಒತ್ತಲಿಲ್ಲ. ಅಂಗಡಿಯಲ್ಲಿ ಒಂದು, ಸಾತಪ್ಪನ ಕಟ್ಟೆಯ ಮೇಲೆ ಒಂದು — ಗಣಗಣಗಣ. ಓಣಿಯ ಮಂದಿಯೆಲ್ಲ ಹೊರಗೆ ಬಂದರು.

"ಬಂದ್ ಮಾಡ್ರಿ ವೈನಿ ಅದನ್ನ!"

"ಹೊಡೀಲಿ. ನಿಮ್ಮಣ್ಣ ಹೊರಗ ಹೊಂಟಾರ."

ಗಾಡಿಗೆ ಮಲಗಿಸುವವರೆಗೂ ಹೊಡೆಯಿತು. ಸಾತಪ್ಪ ಇವರ ಬಾಜೂಕ್ಕೆ ಹತ್ತಿ ಕುಳಿತ.

ಹಾದಿಯುದ್ದಕ್ಕೂ ಕಣ್ಣು ಮುಚ್ಚಿಯೇ ಇದ್ದರು. ಅಸಂಗಿ ಬಂದಾಗ ಮನೆಯ ಪಡಸಾಲೆಯಲ್ಲಿ ದಿಂಬು ಕೊಟ್ಟು ಕೂಡಿಸಿದೆವು. ರುಕ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿರ ಬಂದಳು. "ಹಸದೀರಿ, ಒಂಚೂರ ಉಣ್ರಿ," ಎಂದಳು. ಸಜ್ಜಿ ರೊಟ್ಟಿ ಮೊಸರಲ್ಲಿ ನೆನೆಸಿ ಕೈ ತುತ್ತು ಮುಂದೆ ಹಿಡಿದಳು. ಬಾಯಿ ತೆರೆದರು! ನುಂಗಿದರು. ಇನ್ನೊಂದು. ಮತ್ತೊಂದು. ಮುರಗೆಪ್ಪ ಎದ್ದು ಹೊರಗೆ ಎತ್ತುಗಳ ಹತ್ತಿರ ಹೋದ. ಬಹಳ ಹೊತ್ತು ಒಳಗೆ ಬರಲಿಲ್ಲ.

ನಾನು ಕಂಬಕ್ಕೆ ಆತು ನಿಂತಿದ್ದೆ. ಇವರು ಕಣ್ಣು ತೆರೆದು ನನ್ನನ್ನೇ ನೋಡಿದರು. ಗುರುತು ಹತ್ತಲಿಲ್ಲ — ಹತ್ತಿತೆಂದು ಸುಳ್ಳು ಬರೆಯಲಾರೆ. ರುಕ್ಮವ್ವನ ಕಡೆ ಬಾಗಿ ಹೇಳಿದರು. ದನಿ ಸಣ್ಣದು, ಆದರೆ ಸ್ಪಷ್ಟ. ಅಂಗಡಿಗೆ ಬಂದ ಹೆಂಗಸರ ಹತ್ತಿರ ಮಾತಾಡುತ್ತಿದ್ದರಲ್ಲ, ಅದೇ ಮರ್ಯಾದೆ.

"ಆ ಬಾಯಾರಿಗೂ ಊಟಕ್ಕ ಹಾಕ್ರಿ. ಭಾಳ ದೂರಿಂದ ಬಂದಾರ, ದಣದಾರ."

ಅವರ ಮುಂದೆ ಕುಳಿತು ಉಂಡೆ. ಪೂರಾ ಒಂದು ರೊಟ್ಟಿ. ಅವರು ನೋಡುತ್ತಿದ್ದರು.

೪ ಮಾರ್ಚ್

ಅಸಂಗಿಯಿಂದ ಬಂದ ಮೇಲೆ ಮಾತಿಲ್ಲ. ಇವತ್ತು ಬೆಳಿಗ್ಗೆ ಹೋದರು. ಕೈ ನನ್ನ ಕೈಯಲ್ಲಿತ್ತು.

೨೧ ಮಾರ್ಚ್

ದಿನಕ್ಕೆ ಬಂದ ಮಂದಿಯೆಲ್ಲ ಮೊನ್ನೆ ಹೋದರು. ತುಕಾರಾಮ ಮಾತಾಡಿಸಲು ಬಂದವನು ಹೋಗುವಾಗ ಬೆಲ್, ತಂತಿ ಎಲ್ಲ ಬಿಚ್ಚಿದ. ನಾನೇ ಬಿಚ್ಚು ಎಂದೆ. ತೊಲೆಯಲ್ಲಿ ಮೊಳೆಯ ತೂತು ಉಳಿದಿವೆ.

ಅಂಗಡಿ ತೆಗೆಯುತ್ತೀರೋ ಇಲ್ಲವೋ ಎಂದು ಮುರಗೆಪ್ಪ ಕೇಳಿದ್ದ. ಇವತ್ತು ತೆಗೆದೆ. ಧೂಳು ಬಹಳ ಕುಳಿತಿತ್ತು. ಗಿರಾಕಿ ಕಡಿಮೆ. ಬಂದವರೂ ದನಿ ತಗ್ಗಿಸಿ ಮಾತಾಡಿದರು.

ಮಧ್ಯಾಹ್ನ ಒಬ್ಬರು ಬಂದರು, ಇಚಲಕರಂಜಿಯ ಬಟ್ಟೆ ವ್ಯಾಪಾರಿ, ಶಿದ್ರಾಯ ಎಂದು ಹೆಸರು ಹೇಳಿದರು. ಹಿಂದೆ ಇವರ ಹತ್ತಿರ ಬರುತ್ತಿದ್ದರಂತೆ, ಈ ಕಡೆ ಬಾರದೆ ಏಳೆಂಟು ವರ್ಷ. ಮರೆವಿನ ಸುದ್ದಿಯೂ ಗೊತ್ತಿಲ್ಲ, ಇವರು ಹೋದ ಸುದ್ದಿಯೂ ಗೊತ್ತಿಲ್ಲ. ಗಾದಿಯ ಕಡೆ ನೋಡಿ ನಗುತ್ತಲೇ ಕೇಳಿದರು:

"ದುಂಡಪ್ಪನವರು ಕಾಣವಲ್ರಲ್ರಿ? ಹೊರಗ ಹೋಗ್ಯಾರೇನು?"

ಹೇಳಬೇಕೆಂದು ಬಾಯಿ ತೆರೆದೆ.

"ಹೌದ್ರಿ. ಹೊರಗ ಹೋಗ್ಯಾರ."

"ಅಡ್ಡಿಯಿಲ್ರಿ, ಕುಂದ್ರತೀನಿ. ಭೆಟ್ಟಿ ಆಗೇ ಹೋಗತೀನಿ. ಭಾಳ ಚಲೋ ಮನಷ್ಯಾ."

ಚಹಾ ತರಿಸಿದೆ. ಕುಡಿಯುತ್ತ ಇವರ ಹಳೆಯ ಮಾತು ಹೇಳಿದರು — ನಾಣ್ಯದ ಮಾಲು, ನಗುಮುಖ, ಒಂದು ಮಳೆಗಾಲದಲ್ಲಿ ಇಬ್ಬರೂ ಕೂಡಿ ಹಳ್ಳ ದಾಟಿದ್ದು. ನನಗೆ ಗೊತ್ತಿಲ್ಲದ್ದೂ ಇತ್ತು. ಕೇಳುತ್ತ ಕುಳಿತೆ. ಚಹಾ ಮುಗಿಯಿತು. ಅವರು ಎದ್ದು ಹೋಗಲಿಲ್ಲ, ಓಣಿಯ ಕಡೆ ಮುಖ ಮಾಡಿ ಕುಳಿತೇ ಇದ್ದರು. ಇನ್ನೂ ನಿಜ ಹೇಳಿರಲಿಲ್ಲ ನಾನು. ಸ್ವಲ್ಪ ಹೊತ್ತು ಆಗಲಿ ಎಂದುಕೊಂಡು, ನಾನೂ ಆ ಕಡೆಗೇ ತಿರುಗಿ ಕುಳಿತೆ.