ಲಕೋಟೆಯ ಮೇಲೆ ನನ್ನ ಹೆಸರು

ತಾವಾವ್ ಬಳಿಯ ಬಂಧನ ಶಿಬಿರ
ಮಂಗಳವಾರ, ಜುಲೈ 16

ಪ್ರೀತಿಯ ಮಸ್ಲಾನ್ ಅಣ್ಣನಿಗೆ, ತಮ್ಮನ ಸಲಾಮು.

ಮೊದಲು ನನ್ನ ಅಕ್ಷರವನ್ನು ಮನ್ನಿಸು. ಆರನೇ ಕ್ಲಾಸು ಮುಗಿದ ಮೇಲೆ ನಾನು ಪೆನ್ನು ಹಿಡಿದದ್ದೇ ಕಡಿಮೆ. ಮಂಡಿಯ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದೇನೆ, ಸಾಲುಗಳು ಒಂದು ಕಡೆಗೆ ವಾಲುತ್ತವೆ. ಕಾಗುಣಿತದ ತಪ್ಪು ಕಂಡರೆ ನಗು, ಆದರೆ ಅಲ್ಲಿಯ ಗೆಳೆಯರಿಗೆ ತೋರಿಸಬೇಡ. ನಿನ್ನ ಎಡ ಮಂಡಿ ಈಗ ಹೇಗಿದೆ? ಚಳಿಯಲ್ಲಿ ನೋಯುತ್ತದೆ ಅಂದಿದ್ದೆ. ಈಗ ಅಲ್ಲಿ ಬೇಸಿಗೆ ಇರಬೇಕು, ಸ್ವಲ್ಪ ಕಡಿಮೆಯಾಗಿರಬಹುದು. ಹೊಟ್ಟೆ ತುಂಬ ಅನ್ನ ಉಣ್ಣುತ್ತಿದ್ದೀಯಾ? ಜಪಾನಿನವರು ಮೀನನ್ನು ಹಸಿಯಾಗಿಯೇ ತಿನ್ನುತ್ತಾರೆ ಅಂತ ನೀನು ಆಶ್ಚರ್ಯದಿಂದ ಹೇಳಿದ್ದನ್ನು ನೆನೆಸಿಕೊಂಡು ಅಮ್ಮ ಇನ್ನೂ ಬೈಯುತ್ತಾಳೆ. "ನಾವು ದೋಣೀಲಿ ತಿನ್ನಲ್ವಾ? ನಿಂಬೆಹಣ್ಣು ಹಿಂಡಿದ್ರೆ ಆಯ್ತು. ವಿಮಾನ ಹತ್ತಿದ ಮೇಲೆ ಇವನಿಗೆ ಎಲ್ಲಾ ಹೊಸದು." ಅವಳು ಹಾಗೆ ಬೈದ ದಿನ ನಿನ್ನ ನೆನಪು ಜಾಸ್ತಿ ಆಗಿದೆ ಅಂತ ನಾವು ತಿಳಿದುಕೊಳ್ಳುತ್ತೇವೆ.

ಈಗ ನನ್ನ ಸುದ್ದಿ. ಮೇಲೆ ಬರೆದ ಜಾಗದ ಹೆಸರು ನೋಡಿ ನಿನಗೆ ಗೊತ್ತಾಗಿರಬೇಕು. ಹೋದ ತಿಂಗಳು ದೋಣಿಯ ಮೋಟಾರಿಗೆ ಒಂದು ಬಿಡಿಭಾಗ ತರಲು ತಾವಾವಿಗೆ ಬಸ್ಸು ಹತ್ತಿದೆ. ನಾನು ರಸ್ತೆಯ ಕಡೆ ಹೋಗುವವನಲ್ಲ, ನಿನಗೆ ಗೊತ್ತು. ಆದರೆ ನನ್ನ ಸಲ್ಬಿಯಾಗೆ ಎಂಟು ತಿಂಗಳು ತುಂಬಿತ್ತು, ಹೆರಿಗೆ ನೋವು ಬಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಲು ದೋಣಿ ಓಡಬೇಕಿತ್ತು. ದಾರಿಯಲ್ಲಿ ತಪಾಸಣೆಯವರು ಬಸ್ಸು ನಿಲ್ಲಿಸಿದರು. ಎಲ್ಲರೂ ಗುರುತಿನ ಕಾರ್ಡು ತೆಗೆದು ಕೈಯಲ್ಲಿ ಹಿಡಿದರು. ನಾನು ಕಿಟಕಿಯಾಚೆ ನೋಡುತ್ತ ಕೂತೆ. ಹೆಸರು ಕೇಳಿದಾಗ ಬಾಯಿಂದ ನಿನ್ನ ಹೆಸರು ಬಂತು, ಮಸ್ಲಾನ್ ಅಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ ಅಣ್ಣಾ. ನನ್ನ ಹೆಸರು ಹೇಳಬಾರದು ಅನ್ನುವುದು ಎಂಟು ವರ್ಷದಿಂದ ನಾಲಿಗೆಗೆ ರೂಢಿಯಾಗಿಹೋಗಿದೆ. ಕಾರ್ಡಿಲ್ಲವೆಂದು ಹಿಡಿದು ತಂದರು, ಇಲ್ಲಿ ಬಂದು ನಲವತ್ತೊಂದು ದಿನವಾಯಿತು. ಯಾರೂ ಹೊಡೆಯುವುದಿಲ್ಲ, ಬೈಯುವುದಿಲ್ಲ. ಎರಡು ಹೊತ್ತು ಅನ್ನ, ಮೀನು. ನೆಲ ಮಾತ್ರ ನೀರ ಮೇಲಿನ ನಮ್ಮ ಮನೆಯದರಂತೆ ಅಲುಗಾಡುವುದಿಲ್ಲ, ಕೆಳಗೆ ನೀರಿನ ಸದ್ದಿಲ್ಲ. ಅದಕ್ಕೇ ನಿದ್ದೆ ಬರುವುದಿಲ್ಲ.

ಇಲ್ಲಿ ಒಬ್ಬರು ಮೇಡಂ ಅಧಿಕಾರಿ ಇದ್ದಾರೆ. ನನ್ನ ಫೈಲು ಅವರ ಮೇಜಿನ ಮೇಲಿದೆ. ಕಳೆದ ವಾರ ಕರೆಸಿ ಕೂರಿಸಿದರು. "ನಿನ್ನ ಮಾತು ಕೇಳಿದ್ರೆ ಈ ಕಡೆಯೋನ ಥರಾನೇ ಇದೆಯಲ್ಲೋ. ಎಲ್ಲಿ ಹುಟ್ಟಿದ್ದು? ಶಾಲೆಗೆ ಹೋಗಿದ್ಯಾ? ಗುರುತು ಹೇಳೋ ಮೇಷ್ಟ್ರು ಯಾರಾದ್ರೂ ಇದಾರಾ? ಇದ್ರೆ ಮುಂದಿನ ಗುರುವಾರದ ಒಳಗೆ ಹೇಳು. ಶುಕ್ರವಾರ ಪಟ್ಟಿ ಹೋಗತ್ತೆ, ಸೋಮವಾರ ಹಡಗು. ಆಮೇಲೆ ನನ್ನ ಕೈಲಿ ಏನೂ ಇರಲ್ಲ." ಹಡಗು ಹೋಗುವುದು ಫಿಲಿಪೀನ್ಸಿಗೆ. ಅಲ್ಲಿ ನನಗೆ ಯಾರೂ ಗೊತ್ತಿಲ್ಲ, ನಾನು ಆ ನೆಲ ಮೆಟ್ಟಿದವನೇ ಅಲ್ಲ. ಹೇಳಲು ಎಲ್ಲವೂ ಇತ್ತು. ನಾನು ಹುಟ್ಟಿದ್ದು ಸೆಂಪೊರ್ನಾದ ಸರ್ಕಾರಿ ಆಸ್ಪತ್ರೆಯಲ್ಲಿ. ನಮ್ಮ ಶಾಲೆಯ ಆಫೀಸಿನ ಗೋಡೆಯ ಮೇಲೆ ಆರನೇ ಕ್ಲಾಸಿನ ಫೋಟೋ ಇದೆ, ಕೆಳಗೆ ಎಲ್ಲರ ಹೆಸರಿದೆ, ಎರಡನೇ ಸಾಲಿನ ಕೊನೆಯಲ್ಲಿ ಕಣ್ಣು ಮುಚ್ಚಿಕೊಂಡು ನಿಂತವನು ಜುಮಾದಿಲ್. ಆದರೆ ಆ ಹೆಸರನ್ನು ಅವರ ಕಂಪ್ಯೂಟರಿನಲ್ಲಿ ಹಾಕಿದರೆ ನಿನ್ನ ಮುಖ ಬರುತ್ತದೆ.

ಅಪ್ಪ ಮಾಡಿದ್ದು ತಪ್ಪು ಅಂತ ನಾನು ಅಂದಿನಿಂದ ಇಂದಿನವರೆಗೂ ಅಂದಿಲ್ಲ. ನೀನು ಹುಟ್ಟಿದ್ದು ದೋಣಿಯಲ್ಲಿ, ಎಲ್ಲೂ ಬರೆಸಲಿಲ್ಲ. ಇವತ್ತು ಬರೆಸೋಣ ನಾಳೆ ಬರೆಸೋಣ ಅಂತ ವರ್ಷಗಳೇ ಹೋದವು. ನನ್ನ ಹೆರಿಗೆ ಕಷ್ಟವಾಗಿ ಅಮ್ಮನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದದ್ದರಿಂದ ನಮ್ಮಿಬ್ಬರಲ್ಲಿ ಜನನ ಪತ್ರ ಇದ್ದದ್ದು ನನಗೊಬ್ಬನಿಗೆ. ನಾವು ಚೆಂಡಾಡುತ್ತಿದ್ದ ಮೈದಾನವೋ, ಇಳಿತದಲ್ಲಿ ಮಾತ್ರ ಕಾಣುವ ಮರಳು. ಉಬ್ಬರ ಬಂದರೆ ಪಂದ್ಯ ಮುಗಿಯಿತು, ಗೆದ್ದವರು ಸೋತವರು ಎಲ್ಲ ಒಟ್ಟಿಗೆ ಈಜಿ ಮನೆಗೆ. ನೀನು ಒದ್ದ ಚೆಂಡು ಸಮುದ್ರಕ್ಕೆ ಬಿದ್ದರೆ ಈಜಿ ತರುವವನು ನಾನು. ಹಾಗೆ ಆಡುವಾಗಲೇ ಅಲ್ಲವೇ ರೊಸ್ದಿನ್ ಮೇಷ್ಟ್ರು ಕಂಡದ್ದು? ಹನ್ನೆರಡು ವರ್ಷದ ಹುಡುಗರ ಕಾಲ್ಚೆಂಡಿನ ತಂಡಕ್ಕೆ ಆರಿಸಲು ಪಟ್ಟಣದಿಂದ ಬಂದಿದ್ದರು, ನಿನಗೆ ಹದಿನಾಲ್ಕು. "ಇವನಿಗೆ ನಿಜವಾಗ್ಲೂ ಹನ್ನೆರಡಾ?" ಅಂತ ಕೇಳಿದರು. ಅಪ್ಪ ಬಲೆ ಹೆಣೆಯುತ್ತ ತಲೆ ಎತ್ತದೆ, "ಮೀನು ತಿಂದ ಮೈ ಮೇಷ್ಟ್ರೇ, ಬೇಗ ಬೆಳೆಯತ್ತೆ," ಅಂದ. ಮೇಷ್ಟ್ರಿಗೆ ತಿಳಿಯಿತೋ ಇಲ್ಲವೋ, ಮತ್ತೆ ಕೇಳಲಿಲ್ಲ. ಮುಂದಿನ ವಾರ ಅಪ್ಪ ನನ್ನ ಜನನ ಪತ್ರ ತೆಗೆದುಕೊಂಡು ನಿನ್ನನ್ನು ಪಟ್ಟಣಕ್ಕೆ ಕರೆದುಕೊಂಡು ಹೋಗಿ ಕಾರ್ಡು ಮಾಡಿಸಿದ. ಫೋಟೋ ನಿನ್ನದು, ಹೆಬ್ಬೆಟ್ಟು ನಿನ್ನದು. ನೀವು ಹೊರಡುವಾಗ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಅಪ್ಪ ನನ್ನ ತಲೆ ಸವರಿ ಹೇಳಿದ: "ಹೆಸರೇನು ಮೀನೇನೋ, ಕೊಟ್ರೆ ಖಾಲಿಯಾಗಕ್ಕೆ? ನೀನು ಹೆಂಗೂ ದೋಣೀಲಿರ್ತೀಯ. ದೋಣಿ ಯಾವ ಕಾರ್ಡು ಕೇಳತ್ತೆ?" ನನಗೆ ಅದು ಸರಿ ಅನಿಸಿತು. ಹನ್ನೆರಡು ವರ್ಷದವನಿಗೆ ಅಣ್ಣ ಟೀವಿಯಲ್ಲಿ ಬರುತ್ತಾನೆ ಅನ್ನುವುದಕ್ಕಿಂತ ದೊಡ್ಡದು ಏನಿದೆ? ಮುಂದಿನ ವರ್ಷ ಹೈಸ್ಕೂಲಿನವರು ಕಾರ್ಡು ಕೇಳಿದರು. ನಾನು ಚೀಲ ಮೊಳೆಗೆ ನೇತುಹಾಕಿ ಕಡಲಪಾಚಿ ಬೆಳೆಸುವ ಹಗ್ಗ ಕಟ್ಟುವ ಕೆಲಸಕ್ಕೆ ಹೋದೆ.

ನಿನ್ನ ಆಟ ನಾವು ಒಂದೂ ಬಿಟ್ಟಿಲ್ಲ. ಅಂಗಡಿಯ ಲಂಜಾರಾ ಚಿಕ್ಕಮ್ಮನ ಟೀವಿಯ ಮುಂದೆ ಹಲಗೆ ಮುರಿಯುವಷ್ಟು ಜನ. ಕೌಲಾಲಂಪುರದ ಕ್ರೀಡಾಶಾಲೆಯಿಂದ ದೇಶದ ಕಿರಿಯರ ತಂಡಕ್ಕೆ ಹೋದ ವರ್ಷ ನೀನು ಮೊದಲ ಗೋಲು ಹೊಡೆದಾಗ, ಆಟ ವರದಿ ಮಾಡುವವನು ಜುಮಾದಿಲ್, ಜುಮಾದಿಲ್ ಅಂತ ಕೂಗಿದ. ಒಳಗೆ ಮೀನು ಸುಡುತ್ತಿದ್ದ ಅಮ್ಮ ನನ್ನ ಕಡೆ ತಿರುಗಿ, "ಯಾರೋ ಕರೀತಿದಾರೆ ನೋಡೋ," ಅಂದಳು. ಆಮೇಲೆ ಅವಳಿಗೇ ಹೊಳೆದು ತಲೆಬಟ್ಟೆಯ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಅಂದಿನಿಂದ ಕೇರಿಯಲ್ಲಿ ಯಾರೂ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ಎಲ್ಲರಿಗೂ ನಾನು ತಮ್ಮ. ಮುದುಕರಿಗೂ ತಮ್ಮ, ಬರಿಮೈ ಹುಡುಗರಿಗೂ ತಮ್ಮ. ಸಲ್ಬಿಯಾ ಮದುವೆಯಾದ ಹೊಸದರಲ್ಲಿ, "ಊರೆಲ್ಲ ತಮ್ಮ ಅನ್ನೋರನ್ನ ನಾನೇನಂತ ಕರೀಲಿ?" ಅಂತ ಕೇಳಿ ನಕ್ಕಿದ್ದಳು. ನಾಲ್ಕು ತಿಂಗಳಾದ ಮೇಲೆ ನನ್ನ ಹೆಸರು ಅವಳಿಗೆ ಹೇಳಿದೆ, ಅದೂ ಕಿವಿಯಲ್ಲಿ. ನೀನು ಜಪಾನಿಗೆ ಹೋದ ಮೇಲೆ ಪತ್ರಿಕೆಯವನು ಬಂದಿದ್ದು ಗೊತ್ತಲ್ಲ? ಜುಮಾದಿಲ್ ಹುಟ್ಟಿದ ದಿನದ ಬಗ್ಗೆ ಹೇಳಿ ಅಂದ. ಅಮ್ಮ ಎಲ್ಲ ಹೇಳಿದಳು, ಮೂರು ದಿನದ ನೋವು, ಬಾಗಿಲಿನ ಹಲಗೆಯ ಮೇಲೆ ಮಲಗಿಸಿ ಹೊತ್ತುಕೊಂಡು ಹೋದದ್ದು, ಮಗು ಅಳದೆ ಇದ್ದದ್ದು, ನರ್ಸು ಬೆನ್ನಿಗೆ ಹೊಡೆದದ್ದು. ಒಂದೂ ಸುಳ್ಳಿಲ್ಲ. ಎಲ್ಲ ನನ್ನದೇ. ಪತ್ರಿಕೆಯಲ್ಲಿ ಅದರ ಪಕ್ಕ ನಿನ್ನ ಫೋಟೋ ಬಂತು. ನಾನು ಅವನಿಗೆ ಎಳನೀರು ಕೆತ್ತಿಕೊಟ್ಟವನು.

ಇಲ್ಲಿ ನನ್ನ ಪಕ್ಕದ ಚಾಪೆ ಹಾಲುನ್ ಮಾವನದು. ಅರವತ್ತು ದಾಟಿದವರು. ಹಡಗಿನಲ್ಲಿ ಐದು ಸಲ ಹೋಗಿ ದೋಣಿಯಲ್ಲಿ ಐದು ಸಲ ವಾಪಸು ಬಂದವರು. "ಹೆದರ್ಕೋಬೇಡ ಮಗಾ, ಸರ್ಕಾರಿ ಖರ್ಚಲ್ಲಿ ವಿದೇಶ ಪ್ರವಾಸ. ವಾಂತಿ ಮಾತ್ರ ನಮ್ಮ ಖರ್ಚು," ಅನ್ನುತ್ತಾರೆ. ಅವರಿಗೆ ಕಾಲ್ಚೆಂಡಿನ ಹುಚ್ಚು. ಕಾವಲಿನವರನ್ನು ಕಾಡಿ ನಿನ್ನ ತಂಡದ ಫಲಿತಾಂಶ ತಿಳಿದುಕೊಂಡು ಬಂದು ಎಲ್ಲರಿಗೂ ಹೇಳುತ್ತಾರೆ. ಹೋದ ಭಾನುವಾರ ನೀನು ಎಪ್ಪತ್ತನೇ ನಿಮಿಷಕ್ಕೆ ಇಳಿದೆ, ಚೆಂಡು ಕಂಬಕ್ಕೆ ಬಡಿಯಿತು ಅನ್ನುವುದು ನನಗೆ ಅವರಿಂದಲೇ ಗೊತ್ತು. "ಜುಮಾದಿಲ್ ನಿಮ್ಮ ಕಡೆಯೋನಲ್ವಾ? ನೋಡಿದೀಯಾ ಅವನ್ನ?" ಅಂತ ಕೇಳಿದರು. ನೋಡಿದ್ದೇನೆ ಅಂದೆ. "ಹೆಂಗಿದಾನೆ ಹತ್ತಿರದಿಂದ?" ಒಳ್ಳೆಯವನು ಅಂದೆ. "ಥೂ, ಒಳ್ಳೆಯೋನಂತೆ. ಕಾಲು ಹೆಂಗಿದೆ ಹೇಳೋ ಅಂದ್ರೆ." ಎಲ್ಲರೂ ನಕ್ಕರು, ನಾನೂ ನಕ್ಕೆ. ಯೂರೋಪಿನವರು ನಿನ್ನನ್ನು ನೋಡಲು ಬರುತ್ತಿದ್ದಾರಂತೆ, ಇಪ್ಪತ್ತೇ ವರ್ಷ ಅಂತ ಅವರಿಗೆ ಆಸೆಯಂತೆ. ಅದನ್ನೂ ಮಾವನೇ ಹೇಳಿದರು. ಇಪ್ಪತ್ತು ನನಗೆ. ನಿನಗೆ ಇಪ್ಪತ್ತೆರಡು. ನಾನು ಬಾಯಿ ಬಿಟ್ಟರೆ ನಿನ್ನನ್ನು ಎಲ್ಲೂ ಆಡಲು ಬಿಡುವುದಿಲ್ಲ, ಹಳೆಯ ಆಟಗಳನ್ನೂ ಅಳಿಸಿಹಾಕುತ್ತಾರೆ ಅಂತ ನೀನೇ ಹೇಳಿದ್ದೆ.

ಹದಿನೈದು ದಿನದ ಹಿಂದೆ ಅಮ್ಮ ಬಂದಿದ್ದಳು. ದೋಣಿ, ಬಸ್ಸು, ಮತ್ತೆ ಬಸ್ಸು. ಅಮ್ಮನಿಗೆ ಹಳೆಯ ಕಾರ್ಡು ಇದೆ, ಸಲ್ಬಿಯಾಗೆ ನನ್ನ ಹಾಗೇ ಇಲ್ಲದ್ದರಿಂದ ಅವಳು ಬರುವ ಹಾಗಿಲ್ಲ. ಗಾಜಿನ ಆಚೆ ಕೂತು ಅಮ್ಮ ತುಂಬ ಹೊತ್ತು ನಾನು ಏನು ಉಂಡೆ, ಎಲ್ಲಿ ಮಲಗುತ್ತೇನೆ ಅಂತಲೇ ಕೇಳಿದಳು. ಏಳುವ ಹೊತ್ತಿಗೆ ಹೇಳಿದಳು: "ಆ ಕಡೇನೂ ನಮ್ಮ ಮಾತಾಡೋ ಜನಾನೇ ಇದಾರೆ. ಹೋಗಿ ಬಂದ್ಬಿಡು. ಒಂದೇ ವರ್ಷ ತಡ್ಕೋ, ಅವನದು ಒಂದು ದಡ ಮುಟ್ಲಿ." ನಾನು ಆಯಿತು ಅಂದೆ. ನೀನು ಕಳೆದ ಹಬ್ಬಕ್ಕೆ ಬಂದಾಗಲೂ ಇದನ್ನೇ ಹೇಳಿದ್ದೆ, ಅದರ ಹಿಂದಿನ ಹಬ್ಬಕ್ಕೂ. "ಇನ್ನೊಂದೆರಡು ವರ್ಷ ತಮ್ಮಾ, ಆಮೇಲೆ ನಾನೇ ಎಲ್ಲ ಸರಿ ಮಾಡ್ತೀನಿ." ಆ ದಿನ ಮರಳಿನ ಮೇಲೆ ಕೂತು ನೀನು ಇನ್ನೊಂದು ಮಾತೂ ಹೇಳಿದೆ. "ನನ್ನ ಹೆಸರು ಕೂಡ ಸತ್ತೇಹೋಯ್ತು ಕಣೋ. ಅಲ್ಲಿ ಯಾರೂ ಮಸ್ಲಾನ್ ಅನ್ನಲ್ಲ. ನೀನಾದ್ರೂ ಹಂಗೇ ಕರೀ." ಅದಕ್ಕೇ ಒಳಗೆ ಮಸ್ಲಾನ್ ಅಂತ ಬರೆದಿದ್ದೇನೆ. ಲಕೋಟೆಯ ಮೇಲೆ ಮಾತ್ರ ನನ್ನ ಹೆಸರೇ ಬರೆಯುತ್ತೇನೆ, ಇಲ್ಲದಿದ್ದರೆ ನಿನಗೆ ತಲುಪುವುದಿಲ್ಲ.

ಆದ್ದರಿಂದ ನೀನು ಹೆದರಬೇಡ. ನಾನು ಮೇಡಂ ಹತ್ತಿರ ಏನೂ ಹೇಳುವುದಿಲ್ಲ. ಹಾಲುನ್ ಮಾವನ ಜೊತೆ ಹೋಗಿ, ಗಾಳಿ ತಿರುಗಿದ ಮೇಲೆ ದೋಣಿಯಲ್ಲಿ ಬರುತ್ತೇನೆ. ಸಲ್ಬಿಯಾಳನ್ನು ನೋಡಿಕೊಳ್ಳಲು ಅಮ್ಮನಿಗೆ ನೀನೂ ಒಂದು ಮಾತು ಹೇಳು. ಅಪ್ಪನ ಗೋರಿಯ ಸುತ್ತ ಹವಳದ ಕಲ್ಲು ಜೋಡಿಸಿದ್ದೇನೆ, ನೀನು ಬಂದಾಗ ನೋಡುವಿಯಂತೆ. ನಿನ್ನ ಕೋಣೆಯ ಗೆಳೆಯನಿಗೆ, ಅಡುಗೆಯ ಆ ಅಜ್ಜಿಗೆ ನನ್ನ ಸಲಾಮು ಹೇಳು. ದೇವರು ನಿನ್ನ ಕಾಲುಗಳನ್ನು ಕಾಯಲಿ, ಮಂಡಿಯನ್ನು ವಿಶೇಷವಾಗಿ.

ನಿನ್ನ,
ತಮ್ಮ

ತಾ.ಕ. ಗುರುವಾರ, ಅವಸರದಲ್ಲಿ. ಶುಕ್ರವಾರದ ನಮಾಜು ಮಾಡಿಸಲು ಬರುವ ಉಸ್ತಾದರು ನಾಳೆ ಕಾಗದ ಒಯ್ಯುತ್ತಾರೆಂದು ಕಾದಿಟ್ಟಿದ್ದೆ. ನಿನ್ನೆ ಅಮ್ಮ ಮತ್ತೆ ಬಂದಳು. ಶನಿವಾರ ಹೆಣ್ಣು ಮಗು ಹುಟ್ಟಿದೆ, ಇಬ್ಬರೂ ಚೆನ್ನಾಗಿದ್ದಾರೆ. ಆಸ್ಪತ್ರೆಯವರು ಕೊಟ್ಟ ಕಾಗದವನ್ನು ಅಮ್ಮ ಗಾಜಿಗೆ ಒತ್ತಿ ತೋರಿಸಿದಳು. ತಂದೆಯ ಹೆಸರಿನ ಎದುರು 'ಮಾಹಿತಿ ದೊರೆತಿಲ್ಲ' ಅಂತ ಇತ್ತು. ಎರಡು ಸಲ ಓದಿದೆ, ಮೂರನೇ ಸಲ ಅಮ್ಮನೇ ಕಾಗದ ಮಡಿಚಿದಳು. ಈ ಸಲ ಅವಳು ತಡೆದುಕೋ ಅನ್ನಲಿಲ್ಲ. "ಅವನಿಗೆ ನಾನೇನು ಹೇಳ್ಲಿ?" ಅಂತ ಮಾತ್ರ ಕೇಳಿದಳು. ಅದನ್ನು ನಾನೇ ಹೇಳುತ್ತಿದ್ದೇನೆ ಅಣ್ಣಾ. ಇವತ್ತು ಬೆಳಿಗ್ಗೆ ಮೇಡಂ ಹತ್ತಿರ ಹೋಗಿ ಜುಮಾದಿಲ್ ಅಂದೆ. ಶಾಲೆಯ ಹೆಸರು, ಮೇಷ್ಟ್ರ ಹೆಸರು, ಫೋಟೋ ಇರುವ ಗೋಡೆ, ಎಲ್ಲ ಹೇಳಿದೆ. ಅವರು ಹೆಸರನ್ನು ಕಂಪ್ಯೂಟರಿನಲ್ಲಿ ಹಾಕಿ ನೋಡಿದರು. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿ, "ಹಾಗಾದ್ರೆ ಇವನ್ಯಾರು?" ಅಂದರು. ನಮ್ಮಣ್ಣ ಅಂದೆ. ಅವರು ಬರೆದುಕೊಂಡರು. ಪಟ್ಟಿಯಿಂದ ನನ್ನನ್ನು ಬಿಟ್ಟಿದ್ದಾರೆ, ಮುಂದೆ ಏನು ಅಂತ ಅವರಿಗೂ ಗೊತ್ತಿಲ್ಲವಂತೆ. ಈ ಕಾಗದಕ್ಕಿಂತ ಮೊದಲೇ ನಿನ್ನ ಬಳಿಗೆ ಯಾರಾದರೂ ಬಂದಿರಬಹುದು. ನಾನು ಹಡಗಿಗೆ ಬರುವುದಿಲ್ಲ ಅಂತ ಹಾಲುನ್ ಮಾವನಿಗೆ ಇನ್ನೂ ಹೇಳಿಲ್ಲ. ವಾಪಸು ಬಂದು ಅವರ ಎರಡೂ ಅಂಗಿ ಒಗೆದು ತಂತಿಗೆ ಹಾಕಿದೆ, ಸೋಮವಾರದೊಳಗೆ ಒಣಗಬೇಕಲ್ಲ.