ಹದಿನಾಲ್ಕನೇ ಪೋರ್ಟ್

ಮಾರ್ಚ್ 3, ಸೋಮವಾರ
ಮತ್ತೆ ಎಕ್ಸ್‌ರೇ ಕೋಣೆಯಿಂದ ಫೋನ್. ಒಂದು ಚಿತ್ರ ಡಾಕ್ಟರ ಕಂಪ್ಯೂಟರ್ ತಲುಪಲು ಹತ್ತು ನಿಮಿಷ. ಎರಡು ತಿಂಗಳಿಂದ ಇದೇ ಕಾಟ. ಪಿಂಗ್ ಮಾಡಿದರೆ, ಅಂದರೆ ಚಿಕ್ಕದೊಂದು ಸಂದೇಶ ಕಳಿಸಿ ನೋಡಿದರೆ, ಎಲ್ಲ ಸರಿ! ಆಸ್ಪತ್ರೆಯ ನೆಟ್‌ವರ್ಕ್ ನನ್ನ ಪಾಲಿನದು, ಬೈಗುಳವೂ.

ಮ್ಯಾನೇಜರ್ ಕೇಳಿದರು, "ಕೇಬಲ್ ಎಳೆದಿದ್ದು ನಿಮ್ಮ ಭಾವ ಅಲ್ವೇನ್ರೀ?" ಹೌದು, ಅಕ್ಕನ ಗಂಡ. ನಾನೇ ಕೊಡಿಸಿದ ಕೆಲಸ. "ಕೇಬಲ್ಲೇ ಇರಬೇಕು ಸರ್" ಎಂದುಬಿಟ್ಟೆ. ನೆಂಟರ ಪರ ವಹಿಸುತ್ತಾಳೆ ಅನ್ನಿಸಿಕೊಳ್ಳುವುದು ಬೇಡವಾಗಿತ್ತು.

ಮಾರ್ಚ್ 5
ಭಾವ ಟೆಸ್ಟರ್ ಹಚ್ಚಿ ತೋರಿಸಿದರು. ಎಂಟು ತಂತಿಗೂ ಹಸಿರು ದೀಪ. "ನನ್ನ ಕೇಬಲ್ ಚೊಕ್ಕವಾಗಿದೆ ಕಣಮ್ಮ. ನಿನ್ನ ಸ್ವಿಚ್ ಒಂದ್ಸಲ ನೋಡ್ಬಾರ್ದಾ?" ಕೇಬಲ್ಲುಗಳೆಲ್ಲ ಬಂದು ಸೇರುವ ಆ ಪೆಟ್ಟಿಗೆ ನನ್ನ ಸುಪರ್ದಿ. ಮ್ಯಾನೇಜರ್ ಎದುರಿಗೇ ಹಾಗಂದರು! ಮೈ ಉರಿಯಿತು. "ಸ್ವಿಚ್ ವಿಷಯ ನನಗೆ ಬಿಡಿ ಭಾವ." ಸಂಜೆಯೊಳಗೆ ಅವರನ್ನು ಕೆಲಸದಿಂದ ತೆಗೆದರು. ಏಣಿ ಹೆಗಲಿಗೇರಿಸಿಕೊಂಡು ಹೋದರು, ತಿರುಗಿ ನೋಡಲಿಲ್ಲ.

ಮಾರ್ಚ್ 9
ಅಕ್ಕನ ಫೋನ್. "ಅವರು ನಿಂಗೇನು ಮಾಡಿದ್ರೇ? ಇನ್ನೆರಡು ಆಸ್ಪತ್ರೆಯೋರೂ ಬೇಡ ಅಂದ್ರು. ಇಪ್ಪತ್ತು ವರ್ಷದ ಹೆಸರು ಕಣೇ..." ಇಟ್ಟುಬಿಟ್ಟಳು.

ಮಾರ್ಚ್ 24
ಹೊಸಬರು ಹೊಸ ಕೇಬಲ್ ಎಳೆದರು. ಅದೇ ಹತ್ತು ನಿಮಿಷ.

ಕೊನೆಗೂ ಸ್ವಿಚ್ ಒಳಹೊಕ್ಕು ನೋಡಿದೆ. ಎಕ್ಸ್‌ರೇ ಕೋಣೆಯ ಕೇಬಲ್ ಸಿಕ್ಕಿಸಿದ ಕಿಂಡಿ, ಹದಿನಾಲ್ಕನೇ ಪೋರ್ಟ್: ವೇಗ ನೂರು, ಫುಲ್ ಡುಪ್ಲೆಕ್ಸ್ (ಎರಡೂ ಕಡೆ ಒಟ್ಟಿಗೇ ಕಳಿಸುವ ಕ್ರಮ) — ಕೈಯಾರೆ ಕಟ್ಟಿಟ್ಟಿದ್ದು. ಜನವರಿಯ ತಾರೀಕು, ನನ್ನದೇ ಹೆಸರು. 'ಆಟೋ ನಂಬಬಾರದು' ಎನ್ನುವ ಹಳೇ ಜಂಬ. ಮಾಡಿ ಮರೆತಿದ್ದೆ.

ಆಟೋದಲ್ಲಿ ಬಿಟ್ಟಿದ್ದರೆ ಎರಡೂ ಕಡೆ ತಾವೇ ಮಾತಾಡಿ ಒಪ್ಪಿಕೊಳ್ಳುತ್ತಿದ್ದವು. ನನ್ನ ಪೋರ್ಟ್ ಬಾಯೇ ಬಿಡಲಿಲ್ಲ. ಆ ಕಡೆಯ ಯಂತ್ರ ವೇಗವನ್ನೇನೋ ಗುರುತಿಸಿತು. ಉಳಿದದ್ದಕ್ಕೆ ಉತ್ತರ ಸಿಗದೆ ಹಾಫ್‌ಗೆ ಇಳಿಯಿತು — ಒಂದು ಸಲಕ್ಕೆ ಒಬ್ಬರೇ ಕಳಿಸುವ ಕ್ರಮ. ನನ್ನದು ಮಾತ್ರ ಅದು ಕಳಿಸುವಾಗಲೂ ನಡುವೆ ನುಗ್ಗುತ್ತಿತ್ತು. ಪಿಂಗ್ ಚಿಕ್ಕದು, ನುಸುಳಿಬಿಡುತ್ತದೆ. ದೊಡ್ಡ ಚಿತ್ರ ಡಿಕ್ಕಿ ಹೊಡೆದು ಮತ್ತೆ ಮತ್ತೆ ಹೊರಡಬೇಕು. ಮೊದಲ ವರ್ಷದ ಪಾಠ ಇದು. ನಾಚಿಕೆಯಾಗಬೇಕು ನನಗೆ.

ಆಟೋಗೆ ಹಾಕಿದೆ. ನಾಲ್ಕೇ ಸೆಕೆಂಡು. ಮ್ಯಾನೇಜರ್ ಹಿಗ್ಗಿ ಹೀರೆಕಾಯಿ: "ಹೊಸ ಕೇಬಲ್ ಅಂದ್ರೆ ಹೊಸ ಕೇಬಲ್ಲೇ ನೋಡ್ರೀ!" ಹಲ್ಲು ಕಿರಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಏಪ್ರಿಲ್ 15
ಭಾವ ಯಾವುದೋ ಅಂಗಡಿಯಲ್ಲಿ ಬಲ್ಬ್ ಮಾರುತ್ತಿದ್ದಾರಂತೆ. ನಾನು ಇನ್ನೂ ಬಾಯಿ ಬಿಟ್ಟಿಲ್ಲ.

ಏಪ್ರಿಲ್ 16, ಬೆಳಿಗ್ಗೆ 9
ಮ್ಯಾನೇಜರಿಗೆ ಪತ್ರ, ಅದರ ಪ್ರತಿ ಆ ಎರಡು ಆಸ್ಪತ್ರೆಗೂ. ಕೆಲಸ ಹೋದರೆ ಹೋಗಲಿ. ಮೂರು ಹರಿದೆಸೆದು ಇದು ನಾಲ್ಕನೇ ಹಾಳೆ. ಇಲ್ಲಿಯವರೆಗೆ ಪ್ರತಿಸಲವೂ ಸಲೀಸಾಗಿ ಬರುತ್ತದೆ, ಮುಂದಿನ ಒಂದು ಪದ ಮಾತ್ರ ಬರುವುದಿಲ್ಲ: "ತಪ್ಪು ಕೇಬಲ್ಲಿನದಲ್ಲ, ಎಳೆದವರದೂ ಅಲ್ಲ. ಪೋರ್ಟನ್ನು ಹಾಗೆ ಕಟ್ಟಿಟ್ಟು, ಗೊತ್ತಾದ ಮೇಲೂ ಮೂರು ವಾರ ಸುಮ್ಮನಿದ್ದದ್ದು